ಲೆನ್‌ಸ್ಟರ್ ಶಾಲೆಗಳ ರಗ್ಬಿ ಪಾರಿತೋಷಕ

ಐರ್ಲೆಂಡಿನ ಪೂರ್ವಭಾಗದಲ್ಲಿ ಲೆನ್‌ಸ್ಟರ್ ಎಂಬ ಪ್ರಾಂತವಿದೆ. ರಾಜಧಾನಿ ಡಬ್ಲಿನ್ ಇರುವುದು ಇಲ್ಲಿಯೇ. ಈ ಪ್ರಾಂತದ ಶಾಲೆಗಳ ನಡುವೆ 1887ರಲ್ಲಿ ರಗ್ಬಿ ಪಂದ್ಯಾವಳಿಯೊಂದು ಆರಂಭವಾಯಿತು. ಮೊಟ್ಟೆಯಾಕಾರದ ಚೆಂಡನ್ನು ಹಿಡಿದೋಡಿ ಎದುರಾಳಿಗಳ ಗೆರೆಯಾಚೆ ನೆಲಕ್ಕೆ ಮುಟ್ಟಿಸುವ ಆಟ ರಗ್ಬಿ. ತಂಡಕ್ಕೆ ಹದಿನೈದು ಮಂದಿ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕೋ ಹಿಂದಕ್ಕೋ ಎಸೆಯಬೇಕು. ಚೆಂಡು ಹಿಡಿದವನನ್ನು ತಬ್ಬಿ ಕೆಡಹುವ ಪರಿ ಕಬಡ್ಡಿ ಬಲ್ಲವರಿಗೆ ತೀರ ಅಪರಿಚಿತವೆನಿಸದು.

ಮೊದಲ ವರ್ಷ ಗೆದ್ದದ್ದು ಡಬ್ಲಿನ್ನಿನ ಬ್ಲ್ಯಾಕ್‌ರಾಕ್ ಕಾಲೇಜು. ಹೆಸರು ಕಾಲೇಜಾದರೂ ಅದು ಪ್ರೌಢಶಾಲೆಯೇ. ಫ್ರಾನ್ಸಿನಿಂದ ಬಂದ ಪಾದ್ರಿಗಳು ಅದನ್ನು 1860ರಲ್ಲಿ ಸ್ಥಾಪಿಸಿದರು. ಮುಂದೆ ಐರ್ಲೆಂಡಿನ ಪ್ರಧಾನಿಯೂ ರಾಷ್ಟ್ರಾಧ್ಯಕ್ಷರೂ ಆದ ಡಿ ವಲೇರ ಅವರು ಕಲಿತದ್ದು ಇಲ್ಲಿ. ಈ ಶಾಲೆ ಇದುವರೆಗೆ ಅರವತ್ತಕ್ಕೂ ಹೆಚ್ಚು ಬಾರಿ ಪಾರಿತೋಷಕವನ್ನು ಪಡೆದಿದೆ. ಎರಡನೆಯ ಸ್ಥಾನದಲ್ಲಿರುವ ಬೆಲ್ವೆಡಿಯರ್ ಶಾಲೆಯ ಗೆಲುವುಗಳು ಅದರ ಕಾಲುಭಾಗವನ್ನೂ ಮುಟ್ಟಿಲ್ಲ.

ಇದನ್ನು ಕೇವಲ ಅದೃಷ್ಟವೆನ್ನಲಾಗದು. ಬ್ಲ್ಯಾಕ್‌ರಾಕ್ ದೊಡ್ಡ ಶಾಲೆ; ಹುಡುಗರ ಸಂಖ್ಯೆ ಹೆಚ್ಚಿದ್ದಷ್ಟೂ ಆಯ್ಕೆಗೆ ಅವಕಾಶ ಹೆಚ್ಚು. ಕಿರಿಯರಿಗೂ ಪ್ರತ್ಯೇಕ ಪಂದ್ಯಾವಳಿಯುಂಟಾದ್ದರಿಂದ ಎಳೆಯ ವಯಸ್ಸಿನಲ್ಲೇ ಅಭ್ಯಾಸ ಮೊದಲಾಗುತ್ತದೆ. ಗೆದ್ದ ಅಣ್ಣಂದಿರನ್ನು ಕಣ್ಣಾರೆ ಕಂಡ ತಮ್ಮಂದಿರಿಗೆ ಗೆಲುವು ಮನೆಯ ಸೊತ್ತಿನಂತೆ ತೋರುವುದು ಸಹಜ. ಐರ್ಲೆಂಡಿನ ನಾಯಕರಾಗಿದ್ದ ಬ್ರಯನ್ ಓಡ್ರಿಸ್ಕಲ್ ಇಲ್ಲಿಯ ವಿದ್ಯಾರ್ಥಿಯೇ. ಇಷ್ಟಿದ್ದರೂ ಪಂದ್ಯಾವಳಿ ಕಠಿಣವಾದುದು. ಕೊನೆಯ ತರಗತಿಯ ಹುಡುಗನಿಗಂತೂ ಮರುವರ್ಷವೆಂಬುದೇ ಇಲ್ಲ.

ಗೆಲುವಿನ ಪಟ್ಟಿಯಲ್ಲಿ ಒಂದೇ ಒಂದು ಸಾಲಿನಲ್ಲಿ ಕಾಣಿಸುವ ರಾಸ್‌ಕ್ರೇ ಶಾಲೆಯ ಕಥೆ ಬೇರೆ. ಡಬ್ಲಿನ್ನಿನಿಂದ ನೂರು ಕಿಲೋಮೀಟರಿಗೂ ದೂರದಲ್ಲಿ, ಸಿಸ್ಟರ್ಸಿಯನ್ ಸಂನ್ಯಾಸಿಗಳ ಮಠದ ಆಶ್ರಯದಲ್ಲಿ, 1905ರಲ್ಲಿ ಹುಟ್ಟಿದ ವಸತಿಶಾಲೆ ಅದು. ಊರು ಇರುವ ಟಿಪರೇರಿ ಜಿಲ್ಲೆ ನೆರೆಯ ಮನ್‌ಸ್ಟರ್ ಪ್ರಾಂತಕ್ಕೆ ಸೇರಿದ್ದರೂ ಶಾಲೆ ಆಡುವುದು ಲೆನ್‌ಸ್ಟರ್ ಪಂದ್ಯಾವಳಿಯಲ್ಲಿ! ವಿದ್ಯಾರ್ಥಿಗಳು ಕೆಲವೇ ನೂರು. ಅಂತಿಮ ಪಂದ್ಯದವರೆಗೆ ಬಂದು ಸೋತು ಮರಳಿದ ಕಹಿಯೂ ಅದಕ್ಕಿತ್ತು. 2015ರಲ್ಲಿ ಆ ಹುಡುಗರು ಅಂತಿಮ ಪಂದ್ಯದಲ್ಲಿ ಬೆಲ್ವೆಡಿಯರ್ ತಂಡವನ್ನೇ ಮಣಿಸಿ ಮೊತ್ತಮೊದಲ ಬಾರಿಗೆ ಪಾರಿತೋಷಕವನ್ನು ಊರಿಗೆ ತಂದರು. ಬ್ಲ್ಯಾಕ್‌ರಾಕಿನ ಎಷ್ಟೋ ಗೆಲುವುಗಳಿಗಿಂತ ಈ ಒಂದು ಗೆಲುವಿನ ತೂಕ ಹೆಚ್ಚೆಂದರೆ ತಪ್ಪಾಗಲಾರದು.

ಆದರೆ ಗೆಲುವು ಶಾಲೆಯ ಕಷ್ಟವನ್ನು ನೀಗಲಿಲ್ಲ. ವಿದ್ಯಾರ್ಥಿಗಳ ಸಂಖ್ಯೆ ಇಳಿಯುತ್ತಲೇ ಹೋಯಿತು. ಎರಡೇ ವರ್ಷಗಳಲ್ಲಿ, 2017ರ ಫೆಬ್ರವರಿಯಲ್ಲಿ, ಶಾಲೆಯನ್ನು ಹಂತಹಂತವಾಗಿ ಮುಚ್ಚುವುದಾಗಿ ಪ್ರಕಟಣೆ ಹೊರಟಿತು. ತಂದೆತಾಯಿಗಳೂ ಹಳೆಯ ವಿದ್ಯಾರ್ಥಿಗಳೂ ಒಗ್ಗೂಡಿ, ಕೆಲವೇ ದಿನಗಳಲ್ಲಿ ಹಣದ ನೆರವನ್ನು ಕಲೆಹಾಕಿದರು. ಮುಚ್ಚುವ ನಿರ್ಧಾರವನ್ನು ಕೈಬಿಡಲಾಯಿತು.