ಹಾಸ್ಪೈಸ್ ಆರೈಕೆ: ಕೆಲವು ತಪ್ಪು ತಿಳಿವಳಿಕೆಗಳು

'ಹಾಸ್ಪೈಸ್' ಎಂಬ ಶಬ್ದವನ್ನು ಕೇಳಿದೊಡನೆ ಅದನ್ನು ಸಾವಿನ ಮನೆಯೆಂದು ಭಾವಿಸುವವರೇ ಹೆಚ್ಚು. ಶಬ್ದದ ಮೂಲವಾದರೋ ಬೇರೆಯೇ ಆಗಿದೆ. ಲ್ಯಾಟಿನ್ ಭಾಷೆಯಲ್ಲಿ ಅತಿಥಿಗೂ ಆತಿಥೇಯನಿಗೂ ಒಂದೇ ಪದವಿದ್ದು, ಅದರಿಂದ ದಾರಿಹೋಕರ ತಂಗುಮನೆಗೆ ಈ ಹೆಸರು ಬಂದಿತು. ಕಲಬುರಗಿಯ ಶರಣಬಸವೇಶ್ವರರ ದಾಸೋಹವನ್ನು ಬಲ್ಲ ನಮಗೆ ಈ ಅರ್ಥವು ಹೊಸದಾಗಿ ತೋರಬೇಕಾಗಿಲ್ಲ. 1967ರಲ್ಲಿ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸನ್ನು ತೆರೆದರು. ಗುಣವಾಗದ ರೋಗಿಯ ನೋವನ್ನು ಶಮನಗೊಳಿಸುವ ಆರೈಕೆಗೆ ಈ ಹೆಸರು ಅಲ್ಲಿಂದ ನೆಲೆಗೊಂಡಿತು. ನಮ್ಮ ದೇಶದಲ್ಲಿ ಮೊದಲನೆಯದು 1986ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಬೆಂಗಳೂರಿನ ಕರುಣಾಶ್ರಯವು 1999ರಿಂದ ಮುಂದುವರಿದ ಕ್ಯಾನ್ಸರಿನ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ.

ಈ ವಿಷಯವನ್ನು ನಾನು ಪುಸ್ತಕದಿಂದ ಮೊದಲು ತಿಳಿದವನಲ್ಲ. ಗುಂಡಗುರ್ತಿಯ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ನನ್ನ ಮುತ್ಯಾ ಪರ್ಸಿಕಲ್ಲಿನ ಗಣಿಯಲ್ಲಿ ದುಡಿದವನು, ತಂಬಾಕು ಬಿಡಲಾರದವನು. ಅವನಿಗೆ ಬಾಯಿಯ ಕ್ಯಾನ್ಸರ್ ಆದಾಗ ದವಾಖಾನೆಯ ಚೀಟಿಯನ್ನು ಓದುವ ಕೆಲಸ ನನ್ನ ಪಾಲಿಗೆ ಬಂದಿತು. ಅದರಲ್ಲಿ 'ಪ್ಯಾಲಿಯೇಟಿವ್ ಕೇರ್' ಎಂದಿತ್ತು. ಉಪಶಮನದ ಆರೈಕೆ ಎಂದು ಅದರ ಅರ್ಥ. ನಾನು ಅರೆಬರೆ ತಿಳಿದು, "ಇನ್ನೇನೂ ಮಾಡಲಿಕ್ಕೆ ಬರಂಗಿಲ್ಲಂತ ಬರದಾರಪ್ಪ" ಎಂದುಬಿಟ್ಟೆ. ಮಾರ್ಫಿನ್ ಮಾತ್ರೆಗಳನ್ನು ಅಪ್ಪ, "ಅದು ಅಫೀಮು, ಕೊಟ್ರ ಎರಡು ದಿನದಾಗ ಹೋಗ್ತಾನ" ಎಂದು ದೇವರ ಜಗಲಿಯ ಹಿಂದೆ ಇಟ್ಟ. ಹದಿನೆಂಟು ರಾತ್ರಿ ಮುತ್ಯಾ ಗೋಡೆಗೊರಗಿ ಕುಳಿತೇ ಬೆಳಗು ಮಾಡಿದ. ಓದಿದವನೆಂದು ನನ್ನ ಮಾತನ್ನು ಮನೆಯವರು ನಂಬಿದ್ದರು.

ಮತ್ತೆ ದವಾಖಾನೆಗೆ ಹೋದಾಗ ಅಲ್ಲಿಯ ನರ್ಸಮ್ಮ ಗದರಿಸದೆ ತಿಳಿಸಿ ಹೇಳಿದರು. ಮಾರ್ಫಿನ್ ಹುಟ್ಟುವುದು ಅಫೀಮಿನಿಂದಲೇ, ನಿಜ. ಆದರೆ ಸಣ್ಣ ಪ್ರಮಾಣದಿಂದ ಆರಂಭಿಸಿ ವೈದ್ಯರ ನಿಗಾದಲ್ಲಿ ಏರಿಸಿದರೆ ಅದು ಪ್ರಾಣವನ್ನು ತೆಗೆಯುವುದಿಲ್ಲ. ನೋವಿಗಾಗಿ ಹೀಗೆ ಕೊಟ್ಟಾಗ ಚಟವಾಗುವುದು ವಿರಳ. ಬಾಯಿಂದ ಕೊಟ್ಟ ಸಾದಾ ಮಾತ್ರೆಯ ಗುಣ ಸುಮಾರು ನಾಲ್ಕು ತಾಸು ಇರುವುದರಿಂದ, ನೋವು ಬರಲೆಂದು ಕಾಯದೆ ಗಡಿಯಾರ ನೋಡಿ ಕೊಡಬೇಕು. ಮಲಬದ್ಧತೆಯಾಗುವುದು ಖಂಡಿತವಾದ್ದರಿಂದ ಅದಕ್ಕೂ ಔಷಧ ಬೇಕು. (ಈ ಕೊನೆಯ ಮಾತನ್ನು ಎಷ್ಟೋ ಜನ ಮರೆಯುತ್ತಾರೆ.) 1985ರ ಮಾದಕ ವಸ್ತುಗಳ ಕಾಯಿದೆಯ ಬಿಗಿಯಿಂದ ಆಸ್ಪತ್ರೆಗಳೇ ಮಾರ್ಫಿನ್ ಇಡಲು ಅಂಜಿದವು. 2014ರ ತಿದ್ದುಪಡಿಯು ಆ ಗಂಟನ್ನು ಸಡಿಲಿಸಿತು. ಜನರ ಅಂಜಿಕೆಯು ಇನ್ನೂ ಸಡಿಲಾಗಿಲ್ಲ.

ಉಪಶಮನವೆಂದರೆ ಚಿಕಿತ್ಸೆಯನ್ನು ಕೈಬಿಡುವುದೆಂಬ ನನ್ನ ತಪ್ಪನ್ನು ಓದಿದವರೂ ಮಾಡುತ್ತಾರೆ. 2010ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರು 151 ಮಂದಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಅಧ್ಯಯನವನ್ನು ಪ್ರಕಟಿಸಿದರು. ಚಿಕಿತ್ಸೆಯೊಂದಿಗೆ ಮೊದಲಿನಿಂದಲೇ ಈ ಆರೈಕೆಯನ್ನೂ ಪಡೆದವರು ಉಳಿದವರಿಗಿಂತ ಎರಡು ತಿಂಗಳಿಗೂ ಹೆಚ್ಚು ಕಾಲ ಬದುಕಿದ್ದರು. ಇದನ್ನು ದಯಾಮರಣದೊಡನೆ ಬೆರೆಸುವುದೂ ತಪ್ಪು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಪ್ಪಿದ್ದು, ಗುಣದ ಆಶೆಯಿಲ್ಲದಾಗ ಕೃತಕ ಜೀವಾಧಾರವನ್ನು ನಿಯಮಬದ್ಧವಾಗಿ ಹಿಂತೆಗೆಯುವುದನ್ನು ಮಾತ್ರ. ಹಾಸ್ಪೈಸಿನವರಾದರೋ ಸಾವನ್ನು ತ್ವರೆಗೊಳಿಸುವುದೂ ಇಲ್ಲ, ಮುಂದೂಡಲು ಹೆಣಗುವುದೂ ಇಲ್ಲ.

ಇದಕ್ಕೆ ಕಟ್ಟಡವೇ ಬೇಕೆಂದೂ ಇಲ್ಲ. ಕೇರಳದ ಕೋಳಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ಕೆಲಸವು ಊರವರ ನೆರವಿನಿಂದ ಮನೆಮನೆಗೆ ಹಬ್ಬಿತು. ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿಗಳ ಹಳ್ಳಿಗಳಿಂದ ಬೆಂಗಳೂರು ಒಂದು ರಾತ್ರಿಯ ಪಯಣ; ನೋವಿನವನನ್ನು ಅಷ್ಟು ದೂರ ಹೊರುವುದಕ್ಕಿಂತ ಆರೈಕೆಯೇ ಮನೆಬಾಗಿಲಿಗೆ ಬರುವುದು ಲೇಸೆಂದು ನನ್ನ ಅಭಿಪ್ರಾಯ.

ಮುತ್ಯಾನಿಗೆ ಮಾತ್ರೆಯನ್ನು ಪುಡಿಮಾಡಿ ನೀರಿನಲ್ಲಿ ಕಲಸಿ ಕುಡಿಸಿದೆವು. ಮೂರನೆಯ ದಿನ ಅವನು ಅಂಗಾತ ಮಲಗಿ ನಿದ್ರಿಸಿದ. ಜೋಳದ ಗಂಜಿ ಬೇಡಿದ. ಎರಡು ತಿಂಗಳು ಇದ್ದು, ಹೊಲದ ಲೆಕ್ಕವನ್ನೂ ಅಪ್ಪನಿಗೆ ಹೇಳಿ ಹೋದ. ಉಳಿದ ಮಾತ್ರೆಗಳನ್ನು ಎಣಿಸಿ ಹಿಂದಿರುಗಿಸಬೇಕೆಂದು ನರ್ಸಮ್ಮ ಹೇಳಿದ್ದರು. ಅಪ್ಪ ಯಾರಿಗೂ ಹೇಳದೆ, ಮರುವಾರ ತಾನೇ ಬಸ್ಸು ಹತ್ತಿ ಕೊಟ್ಟುಬಂದ.