ವಾದಕ್ಕೆ ಕೂರುವ ಮುನ್ನ

ಕಾರಡ್ಕದ ನಮ್ಮ ಜಗಲಿಗಳಲ್ಲಿ ಊಟವಾದ ಮೇಲೆ ದೇವರು, ದೈವದ ಮಾತು ಬಂದರೆ ಈಚೆಗೆ ಬೇಗ ಬಿಸಿಯೇರುತ್ತದೆ. ಒಬ್ಬರು "ಎಲ್ಲ ಮೂಢನಂಬಿಕೆ" ಎಂದು ಎದ್ದು ಹೋಗುತ್ತೀರಿ, ಇನ್ನೊಬ್ಬರು "ನಾಸ್ತಿಕರ ಹತ್ತಿರ ಎಂಥ ಮಾತು" ಎಂದು ಮುಖ ತಿರುಗಿಸುತ್ತೀರಿ. ನೀವೆಲ್ಲ ಒಳ್ಳೆಯವರೇ. ವಾದ ಮಾಡುವ ಕ್ರಮ ಮಾತ್ರ ಸರಿಯಿಲ್ಲ.

ಅನಂತಪುರದ ಬಬಿಯನನ್ನೇ ತೆಗೆದುಕೊಳ್ಳಿ. ಕುಂಬಳೆ ಹತ್ತಿರದ ಆ ಸರೋವರ ಕ್ಷೇತ್ರದ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಊರೂರಿಂದ ಜನ ಹೋಗಿ ಕೈಮುಗಿದರು. ಅದು ನೈವೇದ್ಯದ ಅನ್ನ ತಿನ್ನುತ್ತಿದ್ದುದನ್ನು ಕಂಡವರು ಎಷ್ಟೋ ಮಂದಿ. ಆದರೆ ಕೆರೆಯ ಮೀನನ್ನು ಮುಟ್ಟಲೇ ಇಲ್ಲ ಎನ್ನುವುದು ಬೇರೆ ಮಾತು. ಆ ಜಾತಿಯ ಮೊಸಳೆಗೆ ಮೀನು ಸಹಜ ಆಹಾರ, ಬೇಟೆ ಹೆಚ್ಚಾಗಿ ರಾತ್ರಿ ಹೊತ್ತು. ರಾತ್ರಿ ನೀರಿನೊಳಗೆ ಏನಾಯಿತೆಂದು ಕಾದು ನೋಡದೆ ಶುದ್ಧ ಸಸ್ಯಾಹಾರಿ ಎಂದು ಹೇಗೆ ಸಾಧಿಸುತ್ತೀರಿ? 1945ರಲ್ಲಿ ಬ್ರಿಟಿಷ್ ಸಿಪಾಯಿಯೊಬ್ಬ ಹಿಂದಿನ ಮೊಸಳೆಯನ್ನು ಗುಂಡಿಕ್ಕಿ ಕೊಂದ, ಕೆಲವೇ ದಿನಗಳಲ್ಲಿ ಇದು ಕಾಣಿಸಿಕೊಂಡಿತು ಎನ್ನುವುದಂತೂ ಬಾಯಿಂದ ಬಾಯಿಗೆ ಬಂದ ಕಥೆ. ಕಂಡದ್ದು, ಊಹಿಸಿದ್ದು, ಕೇಳಿದ್ದು, ಮೂರನ್ನೂ ಕಲಸಿ ಜಗಳವಾಡಬೇಡಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದ ಹಿರಿಯರು, ಮೊಬೈಲಿನಲ್ಲಿ ಬಂದದ್ದನ್ನು ನೋಡದೆ ಹತ್ತು ಜನರಿಗೆ ಕಳಿಸುವ ನಿಮ್ಮನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ! ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಚಾಳಿ ಬಿಡಿ.

ಹಾಗೆಂದು, ಮೊಸಳೆ ಮೀನು ತಿಂದಿತೆಂದು ತೋರಿಸಿಬಿಟ್ಟರೆ ಆ ಕ್ಷೇತ್ರದ ದೇವರು ಅನಂತಪದ್ಮನಾಭನೇ ಇಲ್ಲವೆಂದು ಸಾಧಿಸಿದ ಹಾಗಾಯಿತು ಎನ್ನುವ ತರುಣರೇ, ನಿಮ್ಮ ಲೆಕ್ಕವೂ ತಪ್ಪು. ದುಃಖದಿಂದ ಹೂ ಹಾಕಿದವರನ್ನು ಹೀಯಾಳಿಸಿ ನೀವು ಯಾರ ಮನಸ್ಸನ್ನೂ ತಿರುಗಿಸಲಾರಿರಿ.

ಪ್ರಶ್ನೆ ಕೇಳಿದರೆ ಭಕ್ತಿ ಕೆಡುತ್ತದೆ ಎಂಬ ಹೆದರಿಕೆಯೂ ಬೇಡ. ಶಬರಿಮಲೆಯಲ್ಲಿ 2011ರ ಜನವರಿ 14ರಂದು, ಮಕರವಿಳಕ್ಕು ನೋಡಿ ಹಿಂದಿರುಗುತ್ತಿದ್ದವರಲ್ಲಿ ನೂರಕ್ಕೂ ಹೆಚ್ಚು ಮಂದಿ ಪುಲ್ಲುಮೇಡಿನ ನೂಕುನುಗ್ಗಲಿನಲ್ಲಿ ಸತ್ತರು. ಆಮೇಲೆ ಹೈಕೋರ್ಟು ಕೇಳಿದಾಗ, ತಾನಾಗಿ ಬೆಳಗುವುದೆಂದು ಹಲವರು ನಂಬಿದ್ದ ಪೊನ್ನಂಬಲಮೇಡಿನ ಆ ದೀಪವನ್ನು ಮನುಷ್ಯರೇ ಹಚ್ಚುವುದೆಂದು ದೇವಸ್ವಂ ಮಂಡಳಿಯೇ ಒಪ್ಪಿಕೊಂಡಿತು. ಮಾಲೆ ಹಾಕುವವರು ನಿಂತರೇ? ನಿಜ ಹೇಳಿದ್ದರಿಂದ ಅಯ್ಯಪ್ಪನಿಗೇನೂ ಕಡಿಮೆಯಾಗಲಿಲ್ಲ.

ವಾದ ಮಾಡುವುದು ನಮ್ಮ ಸೀಮೆಗೆ ಹೊಸತಲ್ಲ. ಹದಿಮೂರನೆಯ ಶತಮಾನದಲ್ಲಿ, ಕುಂಬಳೆಯ ಅರಸ ಜಯಸಿಂಹನ ಕಾಲದಲ್ಲಿ, ಇದೇ ಕಾಸರಗೋಡಿನ ಕೂಡ್ಲಿನಲ್ಲಿ ಮಧ್ವಾಚಾರ್ಯರಿಗೂ ತ್ರಿವಿಕ್ರಮ ಪಂಡಿತರಿಗೂ ಹಲವು ದಿನ ವಾದ ನಡೆಯಿತೆಂದು ಮಾಧ್ವ ಪರಂಪರೆ ಹೇಳುತ್ತದೆ. ಹೆಸರಾಂತ ಅದ್ವೈತಿಯಾಗಿದ್ದ ತ್ರಿವಿಕ್ರಮರು ತಮ್ಮ ಸಂಶಯಗಳನ್ನೆಲ್ಲ ಮುಂದಿಟ್ಟು, ಉತ್ತರ ಒಪ್ಪಿಗೆಯಾದ ಮೇಲೆ ಪಕ್ಷ ಬದಲಿಸಿದರು, ಆಚಾರ್ಯರ ಬ್ರಹ್ಮಸೂತ್ರಭಾಷ್ಯಕ್ಕೆ 'ತತ್ತ್ವಪ್ರದೀಪ' ಎಂಬ ಟೀಕೆಯನ್ನೂ ಬರೆದರು. ಯಾರು ಗೆದ್ದರು ಎನ್ನುವುದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು, ಅಷ್ಟು ದೊಡ್ಡ ವಿದ್ವಾಂಸರು ದಿನಗಟ್ಟಲೆ ಕೂತು ಕೇಳಿಸಿಕೊಂಡದ್ದು. ನಿಮಗೆ ಹತ್ತು ನಿಮಿಷ ಕೂರಲು ಪುರುಸೊತ್ತಿಲ್ಲ!

ತಾಳಮದ್ದಳೆಯಲ್ಲಿ ಇವತ್ತು ವಾಲಿಯಾದವರು ನಾಳೆ ರಾಮನಾಗಿ ಅರ್ಥ ಹೇಳುತ್ತಾರೆ, ಎರಡು ಕಡೆಯ ನ್ಯಾಯವೂ ಅವರಿಗೆ ಗೊತ್ತು. ನೀವೂ ಅಷ್ಟು ಮಾಡಿ. ಎದುರಿನವರ ಮಾತನ್ನು ಅವರೇ ಹೌದೆನ್ನುವ ಹಾಗೆ ಮೊದಲು ಹೇಳಿ ತೋರಿಸಿ, ಆಮೇಲೆ ಖಂಡಿಸಿ. ಯಾವ ಪುರಾವೆ ಸಿಕ್ಕಿದರೆ ನಿಮ್ಮ ಅಭಿಪ್ರಾಯ ಬದಲಾದೀತು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಯಾವುದರಿಂದಲೂ ಇಲ್ಲ ಎಂದಾದರೆ ನೀವು ಹಿಡಿದ ಮೊಲಕ್ಕೆ ಮೂರೇ ಕಾಲು, ವಾದಕ್ಕೆ ಕೂರಲೇಬೇಡಿ. ಪಕ್ಕದ ಮಸೀದಿ, ಇಗರ್ಜಿಯ ನಂಬಿಕೆಗೆ ಹಿಡಿಯುವ ತಕ್ಕಡಿಯನ್ನೇ ನಿಮ್ಮ ಮನೆಯ ನಂಬಿಕೆಗೂ ಹಿಡಿಯಿರಿ.

ಮತ್ತೆ, ಮಕ್ಕಳು ದೇವರ ಕೋಣೆಯಲ್ಲಿ "ಇದು ಯಾಕೆ ಹೀಗೆ?" ಎಂದು ಕೇಳಿದರೆ ದಯವಿಟ್ಟು ಗದರಬೇಡಿ. ಗೊತ್ತಿದ್ದರೆ ಹೇಳಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ.