ಕಡಲ ಮೇಲಿನ ಜಗಲಿಗೆ ಎಷ್ಟು ಕೊಡಬಹುದು?

ಸಿಯಾಟಲ್‌ನಿಂದ ಅಲಾಸ್ಕಾಕ್ಕೆ ಹೋಗುವ ಹಡಗಿನಲ್ಲಿ ಜಾಗ ಕಾದಿರಿಸಲು ಕೂತರೆ ತಾರೀಕು, ಊರುಗಳನ್ನು ಆರಿಸುವುದು ಕಷ್ಟವಲ್ಲ. ಕೈ ನಿಲ್ಲುವುದು ಕೋಣೆ ಆರಿಸುವಾಗ. ಕಿಟಕಿಯೇ ಇಲ್ಲದ ಒಳಕೋಣೆ, ತೆರೆಯಲಾಗದ ಗಾಜಿನ ಕಿಟಕಿ ಇರುವ ಕೋಣೆ, ಬಾಲ್ಕನಿ ಕೋಣೆ, ಅದರ ಮೇಲೆ ಸೂಟ್. ಹಡಗು ಒಂದೇ, ನಿಲ್ಲುವ ಬಂದರುಗಳೂ ಅವೇ. ದರ ಮಾತ್ರ ಎರಡು ಮೂರು ಪಟ್ಟಿನವರೆಗೆ ಏರುತ್ತದೆ. ತೀರ್ಥಹಳ್ಳಿಯಿಂದ ಅಪ್ಪ ಅಮ್ಮ ಬೇಸಿಗೆ ಕಳೆಯಲು ನಮ್ಮಲ್ಲಿಗೆ ಬಂದ ವರ್ಷ ನಾನೂ ಆ ದರಪಟ್ಟಿಯ ಮುಂದೆ ಬಹಳ ಹೊತ್ತು ಕೂತಿದ್ದೆ. ಆಗ ಮಾಡಿದ ಲೆಕ್ಕ, ಆಮೇಲೆ ಹಡಗಿನಲ್ಲಿ ಕಂಡದ್ದು, ಎರಡನ್ನೂ ಬರೆದಿಡಬೇಕು ಅನ್ನಿಸಿದೆ. ಊರಿಂದ ಹೆತ್ತವರನ್ನು ಕರೆಸಿಕೊಂಡವರೆಲ್ಲ ಇಲ್ಲಿ ಒಮ್ಮೆಯಾದರೂ ಈ ಪ್ರಶ್ನೆ ಕೇಳುತ್ತಾರೆ.

ನಮ್ಮ ಹಡಗಿನಲ್ಲಿ ಒಳಕೋಣೆಗೂ ಬಾಲ್ಕನಿ ಕೋಣೆಗೂ ಇದ್ದ ಅಂತರ ತಲೆಗೆ 600 ಡಾಲರ್ ಆಸುಪಾಸು. ಹಡಗಿನವರ ದರ ಯಾವಾಗಲೂ ತಲೆಲೆಕ್ಕದ್ದು, ಅದೂ ಒಂದು ಕೋಣೆಗೆ ಇಬ್ಬರು ಎಂದುಕೊಂಡು. ಒಬ್ಬರೇ ಹೋದರೂ ಸಾಮಾನ್ಯವಾಗಿ ಇಬ್ಬರ ಹಣವನ್ನೇ ಕೇಳುತ್ತಾರೆ. ಹಾಗಾಗಿ ಕೋಣೆಗೆ 1,200 ಡಾಲರ್ ಹೆಚ್ಚು. ಏಳು ರಾತ್ರಿಗೆ ಹಂಚಿದರೆ ರಾತ್ರಿಗೆ 170ರ ಮೇಲೆ. ಅಪ್ಪ ಅದನ್ನು ರೂಪಾಯಿಗೆ ತಿರುಗಿಸಿ, "ಒಂದು ಜಗಲಿಗೆ ಲಕ್ಷ ರೂಪಾಯಿಯಾ ಮಾರಾಯ್ತಿ? ಬೇಡವೇ ಬೇಡ" ಅಂದರು.

ಆದರೆ ಊರ ಮನೆಯಲ್ಲಿ ಅಪ್ಪ ಅಮ್ಮ ಹಗಲಿನ ಅರ್ಧ ಕಳೆಯುವುದು ಜಗಲಿಯಲ್ಲೇ. ಪೇಪರ್ ಓದುವುದು, ಹೂ ಕಟ್ಟುವುದು, ದಾರಿಯಲ್ಲಿ ಹೋಗುವವರನ್ನು ಮಾತಾಡಿಸುವುದು, ಮಳೆ ನೋಡುವುದು, ಎಲ್ಲ ಅಲ್ಲಿ. ಲೆಕ್ಕ ಹಾಕುವ ಬಗೆ ನನಗೆ ಹೊಳೆದದ್ದು ಅದನ್ನು ನೆನೆದಾಗ. ಹಡಗಿನವರು ರಾತ್ರಿಗಿಷ್ಟು ಅನ್ನುತ್ತಾರೆ, ಆದರೆ ಕಣ್ಣು ಮುಚ್ಚಿದ ಮೇಲೆ ಒಳಕೋಣೆಯೂ ಬಾಲ್ಕನಿ ಕೋಣೆಯೂ ಒಂದೇ. ಹೆಚ್ಚಿನ ಹಣ ಹೋಗುವುದು ಎಚ್ಚರವಿದ್ದು ಕೋಣೆಯೊಳಗೆ ಕಳೆಯುವ ಹೊತ್ತಿಗೆ. ಆ ಹೊತ್ತು ಯಾರಿಗೆ ಎಷ್ಟು ಎಂದು ಒಬ್ಬೊಬ್ಬರದಾಗಿ ನೋಡಿದೆ. ಅಪ್ಪನಿಗೆ ಮಂಡಿನೋವು, ಮೆಟ್ಟಿಲು ಆಗದು, ಹೆಚ್ಚು ಹೊತ್ತು ನಿಲ್ಲಲೂ ಆಗದು. ಅಮ್ಮ ನಾಲ್ಕಕ್ಕೆ ಏಳುವವರು. ಜೂನ್‌ನಲ್ಲಿ ಅಲಾಸ್ಕಾದ ಜೂನೋ ಕಡೆ ಸೂರ್ಯ ಹುಟ್ಟುವುದೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ. ಗದ್ದಲ, ಸಂಗೀತ, ಈಜುಕೊಳದ ಸುತ್ತಲ ಜನಜಂಗುಳಿ ಇಬ್ಬರಿಗೂ ಒಗ್ಗುವುದಿಲ್ಲ. ನಾನು, ನನ್ನ ಗಂಡ, ಮಗ ಮೂವರೂ ತಿರುಗುವವರು. ಕೋಣೆಗೆ ಬರುವುದು ಬಟ್ಟೆ ಬದಲಿಸಲು, ಮಲಗಲು.

ಹೀಗೆ ನೋಡಿದ ಮೇಲೆ ತೀರ್ಮಾನ ಸುಲಭವಾಯಿತು. ಅಪ್ಪ ಅಮ್ಮನಿಗೆ ಬಾಲ್ಕನಿ ಕೋಣೆ, ಓಣಿಯಾಚೆ ಅದರ ಎದುರು ಬಾಗಿಲಿನಲ್ಲಿ ನಮ್ಮ ಮೂವರಿಗೆ ಒಳಕೋಣೆ. ಹಡಗಿನ ಓಣಿಗಳಲ್ಲಿ ಸಾಮಾನ್ಯವಾಗಿ ಒಂದು ಬದಿ ಕಡಲ ಕಡೆಯ ಕೋಣೆಗಳು, ಇನ್ನೊಂದು ಬದಿ ಒಳಕೋಣೆಗಳು ಇರುವುದರಿಂದ ಇಂಥ ಜೋಡಿ ಸಿಗುವುದು ಕಷ್ಟವಲ್ಲ. ಒಂದೇ ಕೋಣೆಯಲ್ಲಿ ಮೂರನೆಯವರಾಗಿ ಮಲಗುವವರಿಗೆ ದರವೂ ಹಲವು ಸಲ ಕಡಿಮೆ. ಕುಟುಂಬಕ್ಕೆ ಒಂದು ಬಾಲ್ಕನಿ ಸಾಕು ಎಂದು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ. ಸಂಜೆ ಐವರೂ ಅಲ್ಲೇ ಸೇರುತ್ತಿದ್ದೆವು. ಕುರ್ಚಿ ಎರಡೇ ಇದ್ದವು. ನಾವು ಮಂಚದ ಅಂಚಿನಲ್ಲಿ ಕೂತು ಬಾಗಿಲು ಸರಿಸಿಕೊಂಡರೆ ಕಡಲು ನಮಗೂ ಸಿಗುತ್ತಿತ್ತು. ಒಳಕೋಣೆಗೆ ಅದರದೇ ಒಂದು ಗುಣವೂ ಇದೆ. ರಾತ್ರಿ ಹತ್ತಾದರೂ ಬೆಳಕಾರದ ಆ ಊರುಗಳಲ್ಲಿ ದೀಪ ಆರಿಸಿದರೆ ಗವ್ವೆನ್ನುವ ಕತ್ತಲೆ, ಸೊಗಸಾದ ನಿದ್ದೆ.

ದರ್ಜೆಗಿಂತ ಕೋಣೆ ಹಡಗಿನ ಯಾವ ಭಾಗದಲ್ಲಿದೆ ಎಂಬುದು ಮುಖ್ಯ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಮಾರುವವರು ಇದರ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಅಲೆಗೆ ಹಡಗು ಮುಂದು ಹಿಂದಾಗಿ ತೂಗುವಾಗ ತುದಿಗಳು ಹೆಚ್ಚು ಏಳುತ್ತವೆ, ನಡುಭಾಗ ಕಡಿಮೆ. ಪಕ್ಕಕ್ಕೆ ಹೊರಳುವಾಗ ಮೇಲಿನ ಡೆಕ್ಕುಗಳು ಹೆಚ್ಚು ವಾಲುತ್ತವೆ, ಕೆಳಗಿನವು ಕಡಿಮೆ. ಮುಂಭಾಗದ ಎತ್ತರದ ಬಾಲ್ಕನಿಗೆ ಹೆಚ್ಚು ಹಣ ಕೊಟ್ಟವರೇ ಹೆಚ್ಚು ತೂಗಾಡುವುದು. ವ್ಯಾಂಕೂವರ್‌ನಿಂದ ಹೊರಡುವ ಹಡಗುಗಳು ದ್ವೀಪಗಳ ಮರೆಯ ಶಾಂತ ನೀರಿನಲ್ಲಿ ಸಾಗುತ್ತವೆ. ಸಿಯಾಟಲ್‌ನಿಂದ ಹೊರಟವು ಬಹುಮಟ್ಟಿಗೆ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಪೆಸಿಫಿಕ್‌ಗೇ ಇಳಿಯುತ್ತವೆ. ನಮ್ಮ ಎರಡನೇ ದಿನ ಹಾಗೇ ಇತ್ತು. ಊಟದ ಹಾಲ್‌ನಲ್ಲಿ ಅರ್ಧ ಮೇಜುಗಳು ಖಾಲಿ, ಲಿಫ್ಟ್ ಪಕ್ಕದ ಕಂಬಿಗಳಿಗೆ ವಾಂತಿಯ ಕಾಗದದ ಚೀಲ ಸಿಕ್ಕಿಸಿದ್ದರು. ಕೆಳಗಿನ ಡೆಕ್ಕಿನ ನಡುಭಾಗದಲ್ಲಿದ್ದ ಅಪ್ಪ ಅಮ್ಮ ಮೊಸರನ್ನ ಉಂಡು ಮಲಗಿದರು, ಏನೂ ಆಗಲಿಲ್ಲ.

ಡೆಕ್ಕಿನ ನಕ್ಷೆ ತೆರೆದಿಟ್ಟುಕೊಂಡು ಕೋಣೆಯ ಮೇಲೆ ಏನಿದೆ, ಕೆಳಗೆ ಏನಿದೆ ನೋಡಬೇಕು. ಮೇಲೂ ಕೆಳಗೂ ಕೋಣೆಗಳೇ ಇದ್ದರೆ ನೆಮ್ಮದಿ. ಈಜುಕೊಳದ ಡೆಕ್ಕಿನ ಅಡಿಗೆ ಬಿದ್ದರೆ ಬೆಳಿಗ್ಗೆ ಐದಕ್ಕೇ ಕುರ್ಚಿ ಎಳೆಯುವ ಸದ್ದು. ನಾಟಕಶಾಲೆ, ಕುಣಿತದ ಹಾಲ್‌ಗಳ ಮೇಲಾದರೆ ನಡುರಾತ್ರಿಯವರೆಗೆ ಡೋಲಿನ ಗುದ್ದು. ಕೆಲವು ಬಾಲ್ಕನಿಗಳು ಅಗ್ಗವಾಗಿ ಕಾಣುವುದು ಎದುರಿಗೆ ಲೈಫ್‌ಬೋಟ್ ತೂಗುಹಾಕಿರುವುದರಿಂದ. ಲಿಫ್ಟ್ ಎಷ್ಟು ದೂರ ಎಂಬುದೂ ಮುಖ್ಯ: ಹಡಗು ಮುನ್ನೂರು ಮೀಟರ್ ಹತ್ತಿರ ಉದ್ದ, ಮಂಡಿ ನೋಯುವವರಿಗೆ ಓಣಿಯ ಕೊನೆಯ ಕೋಣೆ ಎಂದರೆ ದಿನಕ್ಕೆ ಹಲವು ಸಲ ಆ ನಡಿಗೆ. ಬಚ್ಚಲಿನ ಹೊಸ್ತಿಲು, ಬಾಲ್ಕನಿಯ ಹೊಸ್ತಿಲು ಎರಡೂ ಎತ್ತರ ಇರುತ್ತವೆ. ನಡೆಯಲು ತೀರ ಕಷ್ಟವಿರುವವರಿಗೆ ಹೊಸ್ತಿಲಿಲ್ಲದ, ಗಾಲಿಕುರ್ಚಿ ಓಡಾಡುವ ಕೋಣೆಗಳನ್ನು ಮೊದಲೇ ಕೇಳಿ ಪಡೆಯಬೇಕು. ಇವೆಲ್ಲ ಬಿಡಿಗಾಸು ಹೆಚ್ಚು ಕೊಡದೆ ಸಿಗುವ ಸುಖಗಳು. ಅದಕ್ಕೇ ಕೋಣೆಯ ಸಂಖ್ಯೆಯನ್ನು ಹಡಗಿನವರೇ ಕೊನೆಗೆ ನಿರ್ಧರಿಸುವ "ಗ್ಯಾರಂಟಿ" ದರ ಎಷ್ಟೇ ಅಗ್ಗವಿದ್ದರೂ ವಯಸ್ಸಾದವರಿಗೆ ನಾನು ತೆಗೆಯುವುದಿಲ್ಲ.

ಹೊರಡಲು ಕೆಲವು ವಾರ ಇರುವಾಗ ಮೇಲ್ದರ್ಜೆಗೆ ಹರಾಜು ಕೂಗಿ ಎಂಬ ಮಿಂಚಂಚೆ ಬರುತ್ತದೆ. ಇಷ್ಟು ಕೊಟ್ಟರೆ ಸಿಗಬಹುದು, ಅಷ್ಟು ಕೊಟ್ಟರೆ ಖಂಡಿತಕ್ಕೆ ಹತ್ತಿರ ಎಂದು ಒಂದು ಮುಳ್ಳು ತೋರಿಸುತ್ತದೆ. ಅಲ್ಲಿ ಕೂಗುವುದೂ ಬಹುತೇಕ ತಲೆಲೆಕ್ಕ. 150 ಎಂದು ಬರೆದರೆ ಹೋಗುವುದು 300. ಒಪ್ಪಿಗೆಯಾದರೆ ಹಣ ಆ ಕ್ಷಣವೇ ಕಟ್, ವಾಪಸಿಲ್ಲ. ಎಲ್ಲಕ್ಕಿಂತ ದೊಡ್ಡದು, ಹೊಸ ಕೋಣೆ ಎಲ್ಲಿ ಎಂಬುದು ನಮ್ಮ ಕೈಯಲ್ಲಿರುವುದಿಲ್ಲ. ಅಪ್ಪ ಅಮ್ಮನ ಕೋಣೆಗೆ ಸೂಟ್ ಕೂಗಬಹುದು ಎಂದು ಬಂದಾಗ ನಾನು ಮುಟ್ಟಲಿಲ್ಲ. ನಡುಭಾಗ, ಕೆಳ ಡೆಕ್ಕು, ಲಿಫ್ಟ್ ಪಕ್ಕ, ಎದುರಿಗೆ ನಾವು. ಅಷ್ಟನ್ನೂ ಕೈಬಿಟ್ಟು ಪಡೆಯುವಂಥದ್ದು ಸೂಟ್‌ನಲ್ಲಿ ಇರಲಿಲ್ಲ. ಸೂಟ್‌ನವರಿಗೆ ಬೇರೆ ಊಟದ ಹಾಲ್, ಹತ್ತುವಾಗ ಬೇರೆ ಸಾಲು, ದೊಡ್ಡ ಬಚ್ಚಲು ಎಲ್ಲ ಇರುತ್ತವೆ, ದಿನದ ಟಿಪ್ಸೂ ಹೆಚ್ಚು. ಸಸ್ಯಾಹಾರದ ಇಬ್ಬರು ಹಿರಿಯರಿಗೆ ಹತ್ತು ಬಗೆಯ ಮೀನಿನೂಟದ ಹಾಲ್‌ನಿಂದ ಏನು? ಕುಡಿತ, ವಿಶೇಷ ಭೋಜನಗಳನ್ನು ಹೇಗೂ ಕೊಳ್ಳುವವರಿಗೆ ಆ ಲೆಕ್ಕ ಬೇರೆಯಾದೀತು.

ಬಾಲ್ಕನಿ ಕೊಟ್ಟದ್ದನ್ನು ಈಗ ಹೇಳಬೇಕು. ಹಡಗಿನೊಳಕ್ಕೆ ವಿದ್ಯುತ್ ಕೆಟಲ್, ನೀರು ಕಾಯಿಸುವ ಕಾಯಿಲ್ ಬಿಡುವುದಿಲ್ಲ, ಬೆಂಕಿಯ ಭಯ. ಅಮ್ಮ ಸ್ಟೀಲಿನ ಫಿಲ್ಟರನ್ನೂ ಕಾಫಿಪುಡಿಯನ್ನೂ ಸೀರೆಗಳ ನಡುವೆ ಇಟ್ಟುಕೊಂಡು ಬಂದಿದ್ದರು. ರಾತ್ರಿ ಊಟದ ಹಾಲ್‌ನಿಂದ ಮಗ ಫ್ಲಾಸ್ಕಿನಲ್ಲಿ ಬಿಸಿನೀರು ತರುವನು, ಅಮ್ಮ ಪುಡಿ ಒತ್ತಿ ನೀರು ಹೊಯ್ದು ಮಲಗುವರು. ಬೆಳಿಗ್ಗೆ ಡಿಕಾಕ್ಷನ್ ಇಳಿದಿರುತ್ತಿತ್ತು, ಹಾಲು ತಂದುಕೊಡುವ ಕೆಲಸ ನನ್ನದು. ನಾನು ಹೋಗುವ ಹೊತ್ತಿಗೆ ಅಮ್ಮ ಸ್ವೆಟರಿನ ಮೇಲೆ ಶಾಲು, ಅದರ ಮೇಲೆ ಹಡಗಿನ ಕಂಬಳಿ ಹೊದ್ದು ಹೊರಗೆ ಕೂತಿರುತ್ತಿದ್ದರು. ಮೌನವಾಗಿಯಲ್ಲ, ಒಳಗಿದ್ದ ಅಪ್ಪನಿಗೆ ವರದಿ ಒಪ್ಪಿಸುತ್ತ. "ಕಾಡು ನೋಡಿ, ಬುಡ ನೀರಿಗೇ ಮುಟ್ಟಿದೆ." "ಒಂದು ಮನೆಯಿಲ್ಲವಲ್ಲ, ಇಷ್ಟುದ್ದಕ್ಕೂ!" ಒಂದು ಬೆಳಿಗ್ಗೆ ದೂರದ ನೀರಿನಿಂದ ಬಿಳಿಯ ಉಗಿ ಚಿಮ್ಮಿತು, ಇನ್ನೊಮ್ಮೆ ಚಿಮ್ಮಿತು, ಆಮೇಲೆ ಕಪ್ಪು ಬೆನ್ನು ಬಾಗಿ ಬಾಲ ಮೇಲೆದ್ದು ಇಳಿಯಿತು. ಹಂಪ್‌ಬ್ಯಾಕ್ ತಿಮಿಂಗಿಲ. ಅಪ್ಪ ಮಂಡಿಯ ಮೇಲೆ ಕೈಯೂರಿ ಎದ್ದು ನಾಲ್ಕು ಹೆಜ್ಜೆ ಇಟ್ಟು ಕಂಬಿ ಹಿಡಿದದ್ದೂ ಬಾಲ ಎದ್ದದ್ದೂ ಒಟ್ಟೊಟ್ಟಿಗೆ ಆಯಿತು. ಆ ನಾಲ್ಕೇ ಹೆಜ್ಜೆಗೆ ನಾನು 1,200 ಡಾಲರ್ ಕೊಟ್ಟಿದ್ದೆ. ಒಳಕೋಣೆಯಲ್ಲಿದ್ದಿದ್ದರೆ ಷೂ ಹಾಕಿ, ಲಿಫ್ಟ್ ಕಾದು, ಮೇಲಿನ ಡೆಕ್ಕಿನ ಗಾಳಿಗೆ ಬರುವಷ್ಟರಲ್ಲಿ ಅಲ್ಲಿ ಬರಿ ನೀರು ಉಳಿದಿರುತ್ತಿತ್ತು.

ಕೆಚಿಕನ್‌ನಲ್ಲಿ ದಿನವಿಡೀ ಮಳೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಸುರಿಯುವ ಊರು ಅದು. ಆಗುಂಬೆಯ ಪಕ್ಕದಿಂದ ಬಂದ ಅಪ್ಪ, "ಇದೂ ಒಂದು ಮಳೆಯಾ" ಅಂದರೂ ಮಧ್ಯಾಹ್ನವಿಡೀ ಅದನ್ನೇ ನೋಡುತ್ತ ಕೂತರು. ಅವರು ಇಳಿಯದೆ ಉಳಿದದ್ದಕ್ಕೆ ನನಗೆ ಬೇಸರವಾಗಲಿಲ್ಲ, ಅವರಿಗಂತೂ ಆಗಲೇ ಇಲ್ಲ.

ಆದರೆ ಹಿಮನದಿ ನೋಡಲಿಕ್ಕೆಂದೇ ಬಾಲ್ಕನಿ ತೆಗೆಯುವವರಿಗೆ ನಾನು ಬೇಡ ಅನ್ನುತ್ತೇನೆ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದೊಳಕ್ಕೆ ದಿನಕ್ಕೆ ಹೆಚ್ಚೆಂದರೆ ಎರಡು ದೊಡ್ಡ ಹಡಗುಗಳಿಗೆ ಮಾತ್ರ ಪ್ರವೇಶ. ಉದ್ಯಾನದ ರೇಂಜರುಗಳು ಹಡಗನ್ನೇರಿ ದಾರಿಯುದ್ದಕ್ಕೂ ವಿವರಿಸುತ್ತಾರೆ. 1794ರಲ್ಲಿ ಜಾರ್ಜ್ ವ್ಯಾಂಕೂವರ್‌ನ ನಾವಿಕರು ಬಂದಾಗ ಈ ಕೊಲ್ಲಿ ಇರಲೇ ಇಲ್ಲ ಅನ್ನುವಷ್ಟು ಮಂಜು ತುಂಬಿತ್ತು. ಈಗ ಅದು 100 ಕಿಲೋಮೀಟರ್‌ನಷ್ಟು ಹಿಂದೆ ಸರಿದಿದೆ, ನಾವು ಸಾಗುತ್ತಿದ್ದ ನೀರೆಲ್ಲ ಆ ಮಂಜು ಬಿಟ್ಟುಕೊಟ್ಟ ಜಾಗ. ಕೊನೆಯಲ್ಲಿರುವ ಮಾರ್ಜರಿ ಹಿಮನದಿಯ ಗೋಡೆ ನೀರಿನ ಮೇಲೆ ಸುಮಾರು 250 ಅಡಿ ಎತ್ತರ. ಮುಂಭಾಗದ ತೆರೆದ ಡೆಕ್ಕಿನಲ್ಲಿ ನಿಂತರೆ ಅದೂ, ಎಡಬಲದ ಬೆಟ್ಟಗಳೂ ಒಟ್ಟಿಗೆ ಕಣ್ಣಿಗೆ ತುಂಬುತ್ತವೆ. ಮಂಜಿನ ಬಂಡೆ ಕಳಚಿ ಬೀಳುವುದು ಮೊದಲು ಕಾಣುತ್ತದೆ, ಗುಡುಗು ಆಮೇಲೆ ಬರುತ್ತದೆ. ಅದಕ್ಕೆ ಒಳಕೋಣೆಯವರೂ ಸೂಟ್‌ನವರೂ ಒಂದೇ ಕಂಬಿ ಹಿಡಿದು ನಿಲ್ಲುತ್ತಾರೆ, ಹೆಚ್ಚಿನ ಟಿಕೆಟ್ಟಿಲ್ಲ. ಬಾಲ್ಕನಿಯಿಂದ ಕಾಣುವುದು ಒಂದೇ ಪಕ್ಕ. ಕ್ಯಾಪ್ಟನ್ ಹಡಗನ್ನು ನಿಧಾನವಾಗಿ ತಿರುಗಿಸಿ ಎರಡೂ ಪಕ್ಕದವರಿಗೆ ತೋರಿಸುತ್ತಾರೆ ನಿಜ. ಅಪ್ಪ ಅಮ್ಮ ಟಿವಿಯಲ್ಲಿ ರೇಂಜರ್ ಮಾತು ಹಾಕಿಕೊಂಡು, ಬಾಗಿಲು ತೆರೆದಿಟ್ಟು, ತಮ್ಮ ಪಕ್ಕದ ಸರದಿ ಬಂದಾಗ ಚೆನ್ನಾಗಿಯೇ ನೋಡಿದರು. ಗಾಳಿಯಲ್ಲಿ ನಿಲ್ಲಬಲ್ಲ ನನಗೆ ಮಾತ್ರ ಡೆಕ್ಕೇ ಸರಿ.

ಎಡ ಬದಿಯೋ ಬಲ ಬದಿಯೋ ಎಂದೂ ಜನ ಚಿಂತಿಸುತ್ತಾರೆ. ವ್ಯಾಂಕೂವರ್‌ನಿಂದ ಉತ್ತರಕ್ಕೆ ಒಮ್ಮುಖವಾಗಿ ಹೋಗುವ ಹಡಗಿನಲ್ಲಾದರೆ ಬಲಬದಿ ನೆಲದ ಕಡೆಗೆ. ಹೊರಟಲ್ಲಿಗೇ ಮರಳುವ ಪ್ರಯಾಣದಲ್ಲಿ ಹೋಗುವಾಗ ಒಂದು ಬದಿ, ಬರುವಾಗ ಇನ್ನೊಂದು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ನಮ್ಮ ಕೋಣೆಯಲ್ಲಿ ಉಳಿಸಿದ ಹಣ ಸ್ಕ್ಯಾಗ್‌ವೇಯಲ್ಲಿ ಖರ್ಚಾಯಿತು. ಕ್ಲಾಂಡೈಕ್ ಚಿನ್ನದ ಹಿಂದೆ ಜನ ಮುಗಿಬಿದ್ದ ಕಾಲದಲ್ಲಿ, 1898ರಲ್ಲಿ ಶುರುಮಾಡಿ ಕಟ್ಟಿದ ವೈಟ್ ಪಾಸ್ ರೈಲು ಅಲ್ಲಿಂದ ಹೊರಟು ಸುಮಾರು 20 ಮೈಲಿಯಲ್ಲಿ 2,900 ಅಡಿಯ ಹತ್ತಿರಕ್ಕೆ ಏರುತ್ತದೆ. ಹಡಗುಕಟ್ಟೆಯ ಬಳಿಯೇ ಹತ್ತಬಹುದು, ಕೂತೇ ನೋಡಬಹುದು. ಐವರೂ ಹೋದೆವು. ಎರಡನೇ ಬಾಲ್ಕನಿ ತೆಗೆದಿದ್ದರೆ ಈ ರೈಲಿಗೆ ನಾನು ಹಿಂದೆಮುಂದೆ ನೋಡುತ್ತಿದ್ದೆನೇನೋ. ಕೋಣೆಯ ದರ ನೋಡುವಾಗ ಬಂದರುಗಳಲ್ಲಿ ಏನೇನು ಮಾಡಬೇಕೆಂದಿದೆ, ಅದನ್ನೂ ಪಕ್ಕದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಭಾರತದ ಪಾಸ್‌ಪೋರ್ಟಿನವರು ಕೆನಡಾ ವೀಸಾದ ಖರ್ಚನ್ನೂ ಸೇರಿಸಬೇಕು. ಅಮೆರಿಕದ 1886ರ ಕಾನೂನಿನಿಂದಾಗಿ ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವ ವಿದೇಶಿ ಧ್ವಜದ ಹಡಗು ನಡುವೆ ಒಂದು ವಿದೇಶಿ ಬಂದರು ಮುಟ್ಟಲೇಬೇಕು. ಅದಕ್ಕೇ ಸಂಜೆ ಕೆಲವು ಗಂಟೆ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುವುದು.

ಈ ಸೆಪ್ಟೆಂಬರಿನಲ್ಲಿ ನನ್ನ ಗಂಡನ ಅಕ್ಕ ಭಾವ ದಾವಣಗೆರೆಯಿಂದ ಬರುತ್ತಾರೆ, ಇದೇ ದಾರಿಯಲ್ಲಿ ಕಳಿಸಬೇಕು. ಇಬ್ಬರೂ ಬೆಳಗಾದರೆ ನಡೆಯಲು ಹೊರಡುವವರು, ಕೋಣೆಯಲ್ಲಿ ಕೂರುವವರಲ್ಲ. ಆ ತಿಂಗಳು ಅಲ್ಲಿ ಮಳೆ ಚಳಿ ಎರಡೂ ಹೆಚ್ಚು. ಬಾಲ್ಕನಿ ಬೇಡ ಎಂದು ಒಳಕೋಣೆಯನ್ನೇ ಗುರುತು ಹಾಕಿಟ್ಟಿದ್ದೆ. ಫೋನಿನಲ್ಲಿ ಅಕ್ಕ, "ಲಿಫ್ಟ್ ಒಳಗೆ ನಿಂತರೂ ನಂಗೆ ಉಸಿರು ಕಟ್ಟಿದ ಹಾಂಗಾಗ್ತದೆ ನೋಡವ್ವ" ಅಂದರು. ಹಾಗಾದರೆ ಕಿಟಕಿ ಇರಲೇಬೇಕು. ನಡುಭಾಗದಲ್ಲಿ, ಮೇಲೂ ಕೆಳಗೂ ಕೋಣೆಗಳಿರುವ ಕಡೆ, ದೊಡ್ಡ ಗಾಜಿನ ಕಿಟಕಿಯದೊಂದು ಸಿಕ್ಕಿತು. ಒಳಕೋಣೆಗಿಂತ ತಲೆಗೆ ನೂರು ಚಿಲ್ಲರೆ ಡಾಲರ್ ಹೆಚ್ಚು. ಮುಂಗಡ ಕಟ್ಟಿದ್ದೇನೆ, ಉಳಿದದ್ದರಲ್ಲಿ ಜೂನೋದಲ್ಲಿ ತಿಮಿಂಗಿಲ ತೋರಿಸುವ ದೋಣಿಗೆ ಇಬ್ಬರಿಗೂ ಜಾಗ ಹಿಡಿದಿದ್ದೇನೆ.